ಬೆಳೆಯುವ ಹುಡುಗರ ಬೆಲೆ

ಕಳೆದ ವಾರ ನಮ್ಮ ಆನ್‌ಲೈನ್ ಬೇಸ್‌ಬಾಲ್ ಲೀಗಿನ ಪುಟ ತೆರೆದರೆ ಒಂದು ತಂಡದ ಹೆಸರಿನ ಮುಂದೆ ‘ಮಾಲೀಕರಿಲ್ಲ’ ಎಂದು ಬಂದಿತ್ತು. ಅದು ಅವರ ತಂಡ. ರಿಟೈರ್ ಆಗಿ ಊರಿಗೆ ಹೋದ ಮೇಲೂ ಒಂದಲ್ಲ ಒಂದು ದಿನ ತೆರೆದು ನೋಡುತ್ತಾರೆ ಎಂದು ಇಡೀ ಸೀಸನ್ ಕಾದಿದ್ದೆವು. ನೋಡಲಿಲ್ಲ. “ಅವರ ಟೀಮ್ ನೀನೇ ತಕೊಳ್ತೀಯಾ?” ಎಂದು ಲೀಗಿನ ಸಲೀಮಣ್ಣ ಮೆಸೇಜು ಹಾಕಿದ್ದಾರೆ. ಅದಕ್ಕೆ ಉತ್ತರ ಟೈಪು ಮಾಡಲು ಕೂತವನು ಇದನ್ನು ಟೈಪು ಮಾಡುತ್ತಿದ್ದೇನೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಸಿಟ್ಟಾಗುವವರಲ್ಲ, ಮುಜುಗರ ಪಡುವವರು. ಆಫೀಸಿನಲ್ಲಿ ಗ್ರೂಪ್ ಫೋಟೊ ತೆಗೆಯುವಾಗ ಯಾರಾದರೊಬ್ಬ ಎತ್ತರದವನ ಹಿಂದೆ ಹೋಗಿ ನಿಲ್ಲುತ್ತಿದ್ದರು. ನಾವು ಹುಡುಗರೆಲ್ಲ ‘ಸರ್’ ಅನ್ನುತ್ತಿದ್ದೆವು. ಸಲೀಮಣ್ಣ ಮಾತ್ರ ‘ಪೊರ್ಬುಗಳೇ’ ಅನ್ನುತ್ತಿದ್ದರು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕರಾವಳಿಯಲ್ಲಿ ಸಲಿಗೆಯಿಂದ ಹಾಗೆ ಕರೆಯುತ್ತಾರೆ. ಅವರು ಶಿರ್ವದ ಕಡೆಯವರು. ದುಬೈಯ ಅಲ್ ಮುರಕ್ಕಬಾತ್‌ನಲ್ಲಿದ್ದ ನಮ್ಮ ಕಂಪನಿಯಲ್ಲಿ ಎಸ್ಟಿಮೇಶನ್ ವಿಭಾಗದ ಮುಖ್ಯಸ್ಥರು. ದೊಡ್ಡ ಕಟ್ಟಡಗಳಿಗೆ ಎ.ಸಿ. ಗಾಳಿ ಹಾಯುವ ತಗಡಿನ ಡಕ್ಟು, ಪೈಪು ಹಾಕುವ ಕಂಪನಿ ಅದು. ಡ್ರಾಯಿಂಗ್ ನೋಡಿ ಎಷ್ಟು ಡಕ್ಟು ಬೇಕು, ಎಷ್ಟು ಪೈಪು ಬೇಕು ಎಂದು ಅಳೆಯುವ ಕೆಲಸಕ್ಕೆ ಟೇಕ್‌ಆಫ್ ಅನ್ನುತ್ತಾರೆ. ಆ ಕೆಲಸಕ್ಕೆ ಊರಿನಿಂದ ಡಿಪ್ಲೊಮಾ ಮುಗಿಸಿದ ಹುಡುಗರನ್ನು ಅವರೇ ಹುಡುಕಿ, ವೀಸಾ ಕೊಡಿಸಿ, ಏರ್‌ಪೋರ್ಟಿಗೂ ಅವರೇ ಬಂದು ಕರೆದುಕೊಂಡು ಹೋಗುತ್ತಿದ್ದರು. ನಾನು ಹಾಗೆ ಬಂದವನು. ಪ್ರಜ್ವಲ್ ಕೂಡ ಹಾಗೆಯೇ ಬಂದವನು. ಅವನ ಕಥೆ ಇಲ್ಲದೆ ಅವರ ಕಥೆ ಹೇಳಲಿಕ್ಕಾಗುವುದಿಲ್ಲ.

ಮೊದಲು ಲೀಗ್. ಇದನ್ನು ಶುರು ಮಾಡಿದ್ದು ನಮ್ಮ ಪ್ರಾಜೆಕ್ಟಿನಲ್ಲಿದ್ದ ಒಬ್ಬ ಅಮೆರಿಕನ್. ಮೈದಾನಕ್ಕೆ ಇಳಿಯುವುದೇನೂ ಇಲ್ಲ. ಅಮೆರಿಕದ ಬೇಸ್‌ಬಾಲ್ ಆಟಗಾರರನ್ನು ನಾವು ನಾವೇ ಹಂಚಿಕೊಂಡು ಕಂಪ್ಯೂಟರಿನಲ್ಲಿ ತಂಡ ಕಟ್ಟುವುದು. ಅವರು ಅಲ್ಲಿ ನಿಜವಾಗಿ ಹೇಗೆ ಆಡುತ್ತಾರೋ ಅದರ ಮೇಲೆ ನಮಗೆ ಇಲ್ಲಿ ಅಂಕ. ಆ ಅಮೆರಿಕನ್ ಆರು ತಿಂಗಳಲ್ಲಿ ವಾಪಸು ಹೋದ. ಲೀಗ್ ನಮ್ಮ ಕೈಯಲ್ಲಿ ಉಳಿಯಿತು. ಒಬ್ಬ ಫಿಲಿಪಿನೊ ಡ್ರಾಫ್ಟ್ಸ್‌ಮನ್ ಬಿಟ್ಟರೆ ಬೇಸ್‌ಬಾಲನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನಾನು ಆ ಬ್ಯಾಟನ್ನು ಕೈಯಲ್ಲಿ ಹಿಡಿದದ್ದು ಒಂದೇ ಸಲ, ಮಾಲಿನ ಕ್ರೀಡಾ ಅಂಗಡಿಯಲ್ಲಿ. ಅಲ್ಲೂ ಸೇಲ್ಸ್‌ಮನ್ ಬಂದು ಕಿತ್ತುಕೊಂಡ.

ಆದರೆ ಹುಚ್ಚು ಹಿಡಿಯಿತು. ಯಾರೂ ಕಲಿಸಿದ್ದಲ್ಲ, ಓದಿ ಓದಿ ಕಲಿತದ್ದು. ಆಟಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದದ್ದು ಅದರ ಕೆಳಗಿನ ಲೋಕ. ಅಲ್ಲಿ ಪ್ರತಿ ದೊಡ್ಡ ತಂಡದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳಿರುತ್ತವೆ. ಹದಿನೆಂಟು, ಹತ್ತೊಂಬತ್ತರ ಹುಡುಗರು ಸಣ್ಣ ಊರುಗಳಲ್ಲಿ, ಬಸ್ಸಿನಲ್ಲಿ ಓಡಾಡಿಕೊಂಡು, ಮೇಲಿನಿಂದ ಕರೆ ಬರುವುದನ್ನು ಕಾಯುತ್ತಾ ವರ್ಷಗಟ್ಟಲೆ ಆಡುತ್ತಾರೆ. ಅವರಿಗೆ ಪ್ರಾಸ್ಪೆಕ್ಟ್ ಅನ್ನುತ್ತಾರೆ. ದೊಡ್ಡ ತಂಡಕ್ಕೆ ಈಗಿಂದೀಗಲೇ ಒಬ್ಬ ಪಳಗಿದ ಆಟಗಾರ ಬೇಕಾದರೆ, ಇಂಥ ಎರಡು ಮೂರು ಹುಡುಗರನ್ನು ಇನ್ನೊಂದು ತಂಡಕ್ಕೆ ಕೊಟ್ಟು ಅವನನ್ನು ತರುತ್ತದೆ. ಅದು ಟ್ರೇಡ್. ಹುಡುಗನಿಗೆ ಗೊತ್ತಾಗುವುದು ಎಲ್ಲ ಮುಗಿದ ಮೇಲೆ, ಒಂದು ಫೋನಿನಲ್ಲಿ.

ಹುಡುಗನ ಬೆಲೆ ಕಟ್ಟುವುದು ಇದೆಯಲ್ಲ, ಅದು ದೊಡ್ಡ ವಿದ್ಯೆ. ವಯಸ್ಸೆಷ್ಟು, ಯಾವ ಮೆಟ್ಟಿಲಿನಲ್ಲಿದ್ದಾನೆ, ಮೇಲೆ ಬರಲು ಇನ್ನೆಷ್ಟು ಕಾಲ ಬೇಕು, ಅಷ್ಟರಲ್ಲಿ ಏನೇನು ಕೆಡಬಹುದು, ಎಲ್ಲ ಸೇರಿಸಿ ನೋಡಬೇಕು. ಹತ್ತೊಂಬತ್ತರವನು ಸೋತರೂ ಬೆಲೆ ಉಂಟು. ಇಪ್ಪತ್ತಾರರವನು ಗೆದ್ದರೂ ಕೇಳುವವರಿಲ್ಲ. ಕೊಳ್ಳುವವನು ಬೆಲೆ ಕೊಡುವುದು ಆಸೆಗೆ. ಆಸೆ ಎಷ್ಟು ದಿನ ಬಿಸಿಯಾಗಿರುತ್ತದೆ ಎಂದು ಮೊದಲೇ ಹೇಳಬಲ್ಲವನು ಲೀಗ್ ಗೆಲ್ಲುತ್ತಾನೆ.

ಸರ್ ಒಮ್ಮೆಯೂ ಗೆಲ್ಲಲಿಲ್ಲ. ಯಾಕೆಂದರೆ ಅವರು ಯಾರನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಅವರ ತಂಡದ ತುಂಬ ಹುಡುಗರೇ. ಎಲ್ಲರೂ ಇನ್ನೂ ಬರಬೇಕಾದವರು. ಸಲೀಮಣ್ಣ ಮೊದಲು ನಮ್ಮ ಆಫೀಸಿನಲ್ಲೇ ಇದ್ದು, ಆಮೇಲೆ ಅಬುಧಾಬಿಯ ಇನ್ನೊಂದು ಕಂಪನಿಗೆ ಮ್ಯಾನೇಜರ್ ಆಗಿ ಹೋದವರು. ಉಳ್ಳಾಲದವರು. ಲೀಗ್ ಮಾತ್ರ ಬಿಟ್ಟಿರಲಿಲ್ಲ. ದುಬೈಗೆ ಬಂದಾಗಲೆಲ್ಲ ಸರ್ ಅವರ ಮೇಜಿನ ಎದುರು ಕೂತು ಒಂದು ಟ್ರೇಡ್ ಮುಂದಿಡುತ್ತಿದ್ದರು.

“ಪೊರ್ಬುಗಳೇ, ನಿಮ್ಮದು ಟೀಮ್ ಅಲ್ಲ, ಅಂಗನವಾಡಿ.”

“ಅಂಗನವಾಡಿಯೇ ಸರಿ. ನಿನ್ನದು ವೃದ್ಧಾಶ್ರಮ.”

“ನನ್ನ ಮುದುಕರು ಪಾಯಿಂಟ್ ತರ್ತಾರೆ ಮಾರ್ರೆ. ನಿಮ್ಮ ಮಕ್ಕಳು ಎಂತ ತರ್ತಾರೆ? ಆ ಎಡಗೈ ಹುಡುಗನನ್ನು ಕೊಡಿ, ನಾನು ಇಬ್ಬರು ದೊಡ್ಡವರನ್ನು ಕೊಡ್ತೇನೆ. ಯಲ್ಲಾ, ಬೇಗ ಕೈ ಕೊಡಿ.”

“ಇಲ್ಲ ಮಾರಾಯ. ಹಣ್ಣಾಗ್ಲಿ.”

“ಹಣ್ಣಾಗಿ ಉದುರಿದ ಮೇಲೆ ಕೊಡ್ತೀರಾ?”

“ಚಾ ಕುಡಿ ನೀನು.”

ಚಾ ತರಿಸಿ, ಬೇಡ ಎಂದು ಹೇಳುವುದು ಅವರ ಕ್ರಮ. ಆ ಎಡಗೈ ಹುಡುಗ ಒಬ್ಬ ಪಿಚರ್, ಅಂದರೆ ಚೆಂಡು ಎಸೆಯುವವನು. ಅವನಿಗಾಗಿ ಲೀಗಿನ ಅರ್ಧ ಜನ ಅವರ ಮೇಜಿನ ಹತ್ತಿರ ಚಾ ಕುಡಿದು ಹೋಗಿದ್ದರು. ನಾನೂ ಕುಡಿದಿದ್ದೆ. ಅವನ ಬೆಲೆ ಯಾಕೆ ಈಗಲೇ ಎಲ್ಲಕ್ಕಿಂತ ಮೇಲಿದೆ, ಯಾಕೆ ಇನ್ನು ಮೇಲೆ ಹೋಗಲಾರದು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ವಿವರಿಸಿದ್ದೆ. ಅವರು ಕನ್ನಡಕ ತೆಗೆದು ಶರ್ಟಿನ ತುದಿಯಿಂದ ಒರೆಸುತ್ತಾ ಪೂರ್ತಿ ಕೇಳಿಸಿಕೊಂಡರು. “ಚಂದ ಹೇಳ್ತೀ ನೀನು” ಎಂದರು. ಕೊಡಲಿಲ್ಲ. ಮುಂದಿನ ಸೀಸನ್ನಿನಲ್ಲಿ ಆ ಹುಡುಗನ ಮೊಣಕೈ ಹೋಯಿತು. ಸುದ್ದಿ ನೋಡಿ ನಾನು ಬೆಳಿಗ್ಗೆ ಓಡಿಕೊಂಡು ಹೋಗಿ ಹೇಳಿದೆ. “ಸಾಯ್ಬಾ ಭೊಗೊಸ್” ಎಂದರು ಕೊಂಕಣಿಯಲ್ಲಿ, ದೇವರೇ ಕ್ಷಮಿಸು ಎಂದು. ಆಮೇಲೆ, “ಆಪರೇಶನ್ ಮಾಡಿದ್ರೆ ಸರಿ ಆಗ್ತದಾ ಆ ಕೈ? ಇನ್ನೂ ಸಣ್ಣ ಪ್ರಾಯ ಅಲ್ವಾ ಅವನಿಗೆ” ಎಂದು ಕೇಳಿದರು. ಬೆಲೆಯ ಸುದ್ದಿಯೇ ಎತ್ತಲಿಲ್ಲ. ಅವನನ್ನು ತಂಡದಿಂದ ತೆಗೆಯಲೂ ಇಲ್ಲ.

ಕೆಲಸದಲ್ಲೂ ಅವರು ಹಾಗೆಯೇ. ಮಾಲಿಗೆ ಹೋದರೆ ಅಂಗಡಿ ನೋಡುತ್ತಿರಲಿಲ್ಲ, ತಲೆ ಎತ್ತಿ ಸೀಲಿಂಗ್ ನೋಡುತ್ತಿದ್ದರು. ಶುಕ್ರವಾರ, ಇಲ್ಲಿ ಆಗ ವಾರದ ರಜೆ ಇದ್ದ ದಿನ, ಚರ್ಚಿನಲ್ಲೂ ಪೂಜೆಯ ಮಧ್ಯೆ ಮೇಲೆ ನೋಡುತ್ತಾರೆ ಎಂದು ಅವರ ಹೆಂಡತಿ ನಮ್ಮ ಹತ್ತಿರ ದೂರು ಹೇಳುತ್ತಿದ್ದರು: “ಇವರು ದೇವರನ್ನು ನೋಡ್ತಾರೆ ಅಂತ ಜನ ಎಣಿಸಿದ್ದಾರೆ. ಇವರು ಡಕ್ಟ್ ನೋಡುವುದು.” ನಮಗೆ ಟೇಕ್‌ಆಫ್ ಕಲಿಸುವಾಗ, “ಗೆರೆ ನೋಡ್ಬೇಡ. ಗಾಳಿ ಎಲ್ಲಿಂದ ಎಲ್ಲಿಗೆ ಹೋಗ್ತದೆ ನೋಡು” ಅನ್ನುತ್ತಿದ್ದರು. ನನಗೆ ಆ ಗಾಳಿ ಕಾಣುತ್ತಿರಲಿಲ್ಲ, ಗೆರೆಯೇ ಕಾಣುತ್ತಿತ್ತು. ಅದಕ್ಕೇ ನನ್ನನ್ನು ರಾಸ್ ಅಲ್ ಖೋರ್‌ನ ವರ್ಕ್‌ಶಾಪಿಗೆ ಹಾಕಿದರು, ತಗಡು ಕತ್ತರಿಸಿ ಡಕ್ಟು ಮಾಡುವಲ್ಲಿಗೆ. “ನಿಂಗೆ ಕೈಯಲ್ಲಿ ಮುಟ್ಟಿದ್ರೆ ತಿಳೀತದೆ” ಎಂದರು. ನಿಜವೇ ಆಗಿತ್ತು.

ಪ್ರಜ್ವಲ್‌ಗೆ ಮಾತ್ರ ಗಾಳಿ ಕಾಣುತ್ತಿತ್ತು. ಬಂಟ್ವಾಳದ ಕಡೆಯ ಹುಡುಗ, ಮಾತು ಕಡಿಮೆ. ಹೊಸ ಡ್ರಾಯಿಂಗ್ ಹರಡಿದರೆ, ನಾವು ಸ್ಕೇಲು ಹುಡುಕುವಷ್ಟರಲ್ಲಿ ಅವನು ಎಲ್ಲಿ ಡಕ್ಟು ಬೀಮಿಗೆ ಹೊಡೆಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಿದ್ದ. ಸರ್ ಆಗ ನಮ್ಮ ಮುಖ ಒಂದು ಸುತ್ತು ನೋಡುತ್ತಿದ್ದರು, ‘ನೋಡಿದಿರಾ ಇವನನ್ನು?’ ಅನ್ನುವ ಹಾಗೆ.

ನಾನೂ ಪ್ರಜ್ವಲ್ಲೂ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದೇ ರೂಮು. ಅವನಿಗೆ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಡತಿ ಶ್ವೇತಾ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸು, ಆಸ್ಪತ್ರೆಯ ಹಾಸ್ಟೆಲಿನಲ್ಲಿ ಇದ್ದಳು. ಅಲ್ಲಿ ಗಂಡಸರನ್ನು ಒಳಗೆ ಬಿಡುವುದಿಲ್ಲ. ನಮ್ಮ ರೂಮಿಗೆ ಹೆಂಗಸರು ಬರುವ ಹಾಗಿಲ್ಲ. ಅವಳ ರಜೆಯೂ ಇವನ ಶುಕ್ರವಾರವೂ ಕೂಡಿ ಬಂದ ವಾರ ಇವನು ಇಬ್ನ್ ಬತೂತಾ ಬಸ್‌ಸ್ಟಾಂಡಿನಿಂದ ಬಸ್ ಹತ್ತಿ ಹೋಗುತ್ತಿದ್ದ. ಇಬ್ಬರೂ ಸಮುದ್ರದ ಬದಿಯಲ್ಲಿ ನಡೆಯುವುದು, ಸೆಕೆಯಾದರೆ ಮಾಲಿನ ಫುಡ್‌ಕೋರ್ಟಿನಲ್ಲಿ ಕೂತುಕೊಳ್ಳುವುದು. “ಮದುವೆ ಆದವರ ಹಾಗೆ ಅಲ್ಲ ಮಾರಾಯ, ಕಾಲೇಜಿನವರ ಹಾಗೆ ತಿರುಗುತ್ತಿದ್ದೇವೆ” ಎಂದು ನಗುತ್ತಿದ್ದ. ಸರ್‌ಗೆ ಇದೆಲ್ಲ ಗೊತ್ತಿತ್ತು. “ಎರಡು ಗಂಟೆಯ ದಾರಿ, ಬಸ್ ಉಂಟಲ್ಲ” ಅನ್ನುತ್ತಿದ್ದರು. ಅವರ ಕಾಲದಲ್ಲಿ ಹೆಂಡತಿಯನ್ನು ಎರಡು ವರ್ಷಕ್ಕೊಮ್ಮೆ ನೋಡುವುದಾಗಿತ್ತು. ಆ ಲೆಕ್ಕದಲ್ಲಿ ಇದು ಅವರಿಗೆ ಪಕ್ಕದ ಮನೆ.

ಸಲೀಮಣ್ಣನ ಕಂಪನಿಯಲ್ಲಿ ಜಾಗ ಖಾಲಿಯಾದಾಗ ಪ್ರಜ್ವಲ್‌ಗೆ ಆಸೆಯಾಯಿತು. ಅಲ್ಲಿಗೆ ಹೋದರೆ ಅಬುಧಾಬಿಯಲ್ಲೇ ಮನೆ ಮಾಡಬಹುದು. ಆದರೆ ಆಗಿನ ಕಾನೂನಿನಲ್ಲಿ ಅವನಂಥವನು ಕೆಲಸ ಬದಲಿಸಬೇಕಾದರೆ ನಮ್ಮ ಅಡ್ಡಿಯಿಲ್ಲ ಎಂದು ಇರುವ ಕಂಪನಿ ಪತ್ರ ಕೊಡಬೇಕು. ಅದಕ್ಕೆ ಎನ್‌ಒಸಿ ಅನ್ನುತ್ತಿದ್ದರು. ಇಲ್ಲದಿದ್ದರೆ ಬ್ಯಾನ್, ಅಂದರೆ ಇಷ್ಟು ಕಾಲ ಬೇರೆಲ್ಲೂ ಕೆಲಸಕ್ಕೆ ಸೇರುವ ಹಾಗಿಲ್ಲ. ಎನ್‌ಒಸಿ ಕೊಡಿಸಬೇಕಾದವರು ಸರ್. ಅವರ ಹತ್ತಿರ ಹೋಗಿ ‘ನನಗೆ ಹೋಗಬೇಕು’ ಎಂದು ಹೇಳುವುದು ಹೇಗೆ? ವೀಸಾ ಕೊಡಿಸಿ ತಂದವರು. ನಮ್ಮ ಕಡೆಯವರಿಗೆ ಇದು ಬರುವುದೇ ಇಲ್ಲ. ಉಪಕಾರ ಮಾಡಿದವರ ಮುಂದೆ ನಮ್ಮ ಬೇಕು ಬೇಡ ನಾವೇ ಹೇಳುವುದಿಲ್ಲ. ಅವರ ಸರಿಸಮಾನರೊಬ್ಬರಿಂದ ಹೇಳಿಸುತ್ತೇವೆ, ಅದೂ ನಾವು ಹೇಳಿಸಿದ್ದೆಂದು ತೋರದ ಹಾಗೆ.

ಪ್ರಜ್ವಲ್ ಸಲೀಮಣ್ಣನಿಗೆ ಫೋನ್ ಮಾಡಿದ. “ನೀವೇ ಕೇಳಿದ ಹಾಗೆ ಕೇಳಿ ಅಣ್ಣ. ನಾನು ಹೇಳಿದ್ದು ಅಂತ ಗೊತ್ತಾಗುವುದು ಬೇಡ. ಅವರಿಗೆ ಬೇಸರ ಆಗ್ತದೆ.” ನಾನು ಪಕ್ಕದ ಮಂಚದಲ್ಲೇ ಇದ್ದೆ. “ನೀನೇ ಹೋಗಿ ಹೇಳು ಮಾರಾಯ” ಎಂದೆ. “ನೀನಾಗಿದ್ರೆ ಹೇಳ್ತಿದ್ಯಾ?” ಎಂದ. ನಾನು ಹೇಳುತ್ತಿರಲಿಲ್ಲ.

ಸಲೀಮಣ್ಣ ಕೇಳಿದರು. ಕೇಳಿದ್ದು ಒಂದು ಟೆಂಡರ್ ಮೀಟಿಂಗ್ ಮುಗಿದು ಲಿಫ್ಟಿಗೆ ಕಾಯುವಾಗ, ತಮ್ಮ ಎಂದಿನ ಧಾಟಿಯಲ್ಲಿ, ಎಡಗೈ ಹುಡುಗನನ್ನು ಕೇಳಿದ ಹಾಗೆಯೇ. ಸರ್ ಆಫೀಸಿಗೆ ವಾಪಸು ಬಂದವರು ಬಾಗಿಲಲ್ಲೇ ಶುರು ಮಾಡಿದರು.

“ಪ್ರಜ್ವಲ್! ಎಲ್ಲಿದ್ದಾನೆ ಅವನು? ಇಲ್ಲಿ ಬಾ. ಗೊತ್ತುಂಟಾ, ಸಲೀಂ ಇವತ್ತು ನಿನ್ನನ್ನು ಕೇಳಿದ. ಸೀನಿಯರ್ ಪೋಸ್ಟ್ ಕೊಡ್ತಾನಂತೆ, ಅಬುಧಾಬಿಯಲ್ಲಿ ಮನೆ ಕೊಡ್ತಾನಂತೆ. ನಾನು ಎಂತ ಹೇಳಿದೆ ಹೇಳು?”

ಪ್ರಜ್ವಲ್ ಎದ್ದು ನಿಂತಿದ್ದ. ಕೈಯಲ್ಲಿ ಸ್ಕೇಲು.

“ಮಾಫಿ! ಇಲ್ಲ ಅಂದೆ. ನಿನ್ನ ಎಂ.ಡಿ. ಬಂದು ಕೇಳಿದ್ರೂ ಕೊಡುವುದಿಲ್ಲ ಅಂದೆ!”

ಎಲ್ಲರೂ ಚಪ್ಪಾಳೆ ತಟ್ಟಿದರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ಮೊದಲು ನೋಡಿರಲಿಲ್ಲ. ಮಗನಿಗೆ ಬಹುಮಾನ ಬಂದ ಅಪ್ಪನ ಹಾಗೆ ಇದ್ದರು. “ಥ್ಯಾಂಕ್ಸ್ ಸರ್” ಎಂದ ಪ್ರಜ್ವಲ್. ಕೂತ. ಅಳೆಯುತ್ತಿದ್ದ ಡ್ರಾಯಿಂಗನ್ನು ಮತ್ತೆ ಮೊದಲಿನಿಂದ ಅಳೆಯತೊಡಗಿದ.

ಆಮೇಲೆ ಒಂದು ಸಲ, ಅವನೂ ನಾನೂ ಚಾ ಕುಡಿಯುತ್ತಿದ್ದಾಗ, ಸರ್ ತಾವಾಗಿ ಬಂದು ಕೂತರು. “ಅಲ್ಲಿಗೆ ಹೋದ್ರೆ ನಿನ್ನನ್ನು ಬರೇ ಅಳೆಯಲಿಕ್ಕೆ ಕೂರಿಸ್ತಾರೆ. ಇನ್ನೊಂದು ವರ್ಷ ಇರು. ಇಲ್ಲಿ ನಿನ್ನನ್ನು ಎಸ್ಟಿಮೇಟರ್ ಮಾಡಿ, ಟೆಂಡರಿಗೆ ನನ್ನ ಪಕ್ಕ ಕೂರಿಸ್ತೇನೆ. ಆಗ ನಿನ್ನ ಬೆಲೆಯೇ ಬೇರೆ” ಎಂದರು. ಮನಸ್ಸಿನಿಂದಲೇ ಹೇಳಿದ್ದು. ಆಮೇಲೆ ತಮ್ಮ ಕಥೆಯನ್ನೂ ಹೇಳಿದರು. ಮೊದಲು ಬಂದಾಗ ಜನ ಒದಗಿಸುವ ಒಂದು ಕಂಪನಿಯ ವೀಸಾ. ಒಂದು ಬೆಳಿಗ್ಗೆ ಎಂದಿನ ಹಾಗೆ ಬಸ್ ಹತ್ತಿದ್ದಾರೆ, ಬಸ್ ಬೇರೆ ರಸ್ತೆಗೆ ತಿರುಗಿದೆ. “ಡ್ರೈವರ್ ಹತ್ತಿರ ಕೇಳಿದ್ರೆ, ನಿಮ್ಮನ್ನು ಬೇರೆಯವರಿಗೆ ಹ್ಯಾಂಡ್‌ಓವರ್ ಮಾಡಿದ್ದಾರೆ, ನಿಮಗೆ ಗೊತ್ತಿಲ್ವಾ ಅಂತ ಕೇಳಿದ. ನನ್ನ ಚಾಪೆ, ಪೆಟ್ಟಿಗೆ ಎಲ್ಲ ಹಳೇ ಕ್ಯಾಂಪಲ್ಲಿ. ಅವತ್ತು ಎಣಿಸಿದ್ದೇನೆ, ನನ್ನ ಕೈಕೆಳಗೆ ಯಾರಾದ್ರೂ ಬಂದ್ರೆ ಅವನನ್ನು ಹಾಗೆ ದಾಟಿಸುವುದಿಲ್ಲ ಅಂತ.”

ಇದನ್ನು ಕೇಳಿದ ಮೇಲೆ ಪ್ರಜ್ವಲ್ ಇನ್ನೇನು ಹೇಳುತ್ತಾನೆ?

ಆ ವರ್ಷ ಮುಗಿಯುವ ಮೊದಲೇ ಕಚ್ಚಾ ಎಣ್ಣೆಯ ಬೆಲೆ ಬಿದ್ದಿತು. ನಮ್ಮ ದೊಡ್ಡ ಪ್ರಾಜೆಕ್ಟ್ ನಿಂತಿತು. ಪ್ರತಿ ವಿಭಾಗದಿಂದ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಎಂದು ಮೇಲಿನಿಂದ ಆದೇಶ ಬಂತು. ಕೊನೆಗೆ ಸೇರಿದವನು ಪ್ರಜ್ವಲ್. ಸರ್ ಮೇಲಿನ ಮಹಡಿಗೆ ಹೋದರು. ಬೆಳಿಗ್ಗೆ ಹೋದವರು ಊಟದ ಹೊತ್ತಿಗೆ ಇಳಿದು ಬಂದರು. ಬಂದವರೇ ನೇರ ಪ್ರಜ್ವಲ್ ಹತ್ತಿರ ಹೋದರು. ಬೇರೆಯವರಿಂದ ಹೇಳಿಸಲಿಲ್ಲ. ನಾನು ಅವತ್ತು ವರ್ಕ್‌ಶಾಪಿನಿಂದ ಬಂದಿದ್ದೆ. ಅವರು ಅವನ ಮೇಜಿನ ಮೇಲೆ ಒಂದು ಕೈ ಊರಿ, “ನನ್ನಿಂದ ಆಗ್ಲಿಲ್ಲ ಮಾರಾಯ. ಖಲಾಸ್” ಎಂದದ್ದು ಕೇಳಿಸಿತು. ಬೇರೆ ಕಡೆಯೂ ಯಾರನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ವೀಸಾ ರದ್ದಾಗಿ ಪ್ರಜ್ವಲ್ ಊರಿಗೆ ಹೋದ. ಶ್ವೇತಾ ಅಬುಧಾಬಿಯಲ್ಲಿ ಉಳಿದಳು. ಎರಡು ಗಂಟೆಯ ದಾರಿ ಈಗ ಸಮುದ್ರ ದಾಟುವಷ್ಟಾಯಿತು.

ಮುಂದಿನ ಶನಿವಾರ ಸರ್ ನನಗೆ ಫೋನ್ ಮಾಡಿ, “ಗಾಡಿ ತೆಗಿ. ಅಬುಧಾಬಿಗೆ ಹೋಗಿ ಬರುವ” ಎಂದರು. ಆ ರಸ್ತೆಯಲ್ಲಿ ಡ್ರೈವ್ ಮಾಡಲು ಅವರಿಗೆ ಧೈರ್ಯವಿರಲಿಲ್ಲ. ಮೊದಲು ಆಸ್ಪತ್ರೆಗೆ ಹೋದೆವು. ಶ್ವೇತಾಳ ಊಟದ ಬಿಡುವು. ಕ್ಯಾಂಟೀನಿನಲ್ಲಿ ಯೂನಿಫಾರ್ಮಿನಲ್ಲೇ ಬಂದು ಕೂತಳು. ಸಲೀಮಣ್ಣನ ಹತ್ತಿರ ಮಾತಾಡುತ್ತೇನೆ, ಏನಾದರೂ ಮಾಡುತ್ತೇನೆ ಎಂದು ಸರ್ ಹೇಳಿದರು. ಅವಳು ಕೇಳಿಸಿಕೊಂಡಳು.

“ಸರ್, ಒಂದು ಮಾತು. ಸಲೀಮಣ್ಣ ಆವತ್ತು ತಾವಾಗಿ ಕೇಳಿದ್ದಲ್ಲ. ಇವರೇ ಕೇಳಿಸಿದ್ದು.”

“ಯಾರು?”

“ಪ್ರಜ್ವಲ್. ನಿಮ್ಮ ಹತ್ರ ಹೇಳ್ಲಿಕ್ಕೆ ಆಗದೆ ಅವರ ಹತ್ರ ಹೇಳಿಸಿದ್ದು. ನಾವು ಇಲ್ಲಿ ಮನೆ ಕೂಡ ನೋಡಿ ಆಗಿತ್ತು. ಅಡುಗೆ ಮನೆಯಲ್ಲಿ ಕಿಟಕಿ ಉಂಟು ಅಂತ ನಾನು ಅಮ್ಮನಿಗೆ ಹೇಳಿದ್ದೆ.”

ಸರ್ ನನ್ನ ಕಡೆ ತಿರುಗಿದರು. “ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು ಸರ್.”

“ಎಲ್ಲರಿಗೂ ಗೊತ್ತಿತ್ತು. ನನಗೆ ಮಾತ್ರ ಗೊತ್ತಿರ್ಲಿಲ್ಲ.”

“ನಿಮಗೆ ಬೇಸರ ಆಗ್ತದೆ ಅಂತ ಹೇಳ್ಲಿಲ್ಲ ಸರ್” ಎಂದಳು ಶ್ವೇತಾ. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಅವರಿಗೆ ಒಳ್ಳೆಯದಿತ್ತೇನೊ. ಅವಳ ಬಿಡುವು ಮುಗಿಯಿತು, ಎದ್ದು ಹೋದಳು.

ಕಾರಿನಲ್ಲಿ ಕೂತವರು ಬೆಲ್ಟ್ ಹಾಕಲಿಲ್ಲ. “ಆ ಬಸ್ಸಲ್ಲಿ ನನ್ನನ್ನು ಕೇಳದೆ ಕಳಿಸಿದ್ರು” ಎಂದರು. “ನಾನು ಅವನನ್ನು ಕೇಳದೆ ಇಟ್ಕೊಂಡೆ.” ಕಾರು ಬೆಲ್ಟಿಗಾಗಿ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ನಾನೇ ಎಳೆದು ಹಾಕಿದೆ.

ಸಲೀಮಣ್ಣನ ಆಫೀಸಿನಲ್ಲಿ ಈ ಸಲ ಚಾ ತರಿಸಿದ್ದು ಸಲೀಮಣ್ಣನೇ.

“ಪೊರ್ಬುಗಳೇ, ನೀವು ಬಂದದ್ದು ಎಂತಕ್ಕೆ ಅಂತ ಗೊತ್ತುಂಟು. ಆದ್ರೆ ಆಗ ನಾನು ಕೇಳಿದ ಹುಡುಗನೇ ಬೇರೆ, ಈಗಿನವನೇ ಬೇರೆ. ಆಗ ಅವನು ಬೇರೆಯವರು ಬಿಡದ ಹುಡುಗ. ಈಗ ಕ್ಯಾನ್ಸಲ್ ಆದವ. ಎಂ.ಡಿ. ಹತ್ರ ಎಂತ ಹೇಳಿ ತಕೊಳ್ಳಲಿ?”

“ಹುಡುಗ ಅವನೇ ಅಲ್ವ ಸಲೀಂ?”

“ನಿಮಗೆ ಅವನೇ. ಮಾರ್ಕೆಟಿಗೆ ಅಲ್ಲ.” ಸಲೀಮಣ್ಣ ನನ್ನ ಕಡೆ ಬೆರಳು ಮಾಡಿದರು. “ಇವನನ್ನು ಕೊಡಿ. ನಾವು ಇಲ್ಲೇ ಮುಸಫ್ಫಾದಲ್ಲಿ ಡಕ್ಟ್ ವರ್ಕ್‌ಶಾಪ್ ಹಾಕ್ತಾ ಇದ್ದೇವೆ. ವರ್ಕ್‌ಶಾಪ್ ಗೊತ್ತಿದ್ದವ ಬೇಕು. ಇವನು ಬಂದ್ರೆ ಇವನ ಹಿಂದೆಯೇ ಪ್ರಜ್ವಲ್‌ನನ್ನೂ ಸೇರಿಸಿ ಕೇಳ್ಲಿಕ್ಕೆ ನನಗೆ ಬಾಯಿ ಬರ್ತದೆ. ಜೂನಿಯರ್ ಅಂತ ತಕೊಳ್ಳುವ.”

ನಾನು ಬಿಸ್ಕತ್ತು ಚಾದಲ್ಲಿ ಅದ್ದಿ ಹಿಡಿದವನು ಹಾಗೆಯೇ ಉಳಿದೆ, ಅರ್ಧ ಬಿಸ್ಕತ್ತು ಕಪ್ಪಿಗೆ ಬಿತ್ತು. ಎಷ್ಟು ಟ್ರೇಡುಗಳನ್ನು ಓದಿದ್ದೆ, ಎಷ್ಟು ಹುಡುಗರ ಬೆಲೆ ಕಟ್ಟಿದ್ದೆ! ನನ್ನನ್ನೇ ಮೇಜಿನ ಮೇಲೆ ಇಟ್ಟಾಗ ಒಂದು ಲೆಕ್ಕವೂ ತಲೆಗೆ ಬರಲಿಲ್ಲ. ಸರ್ ಎಂದಿನ ಹಾಗೆ ಕೂಡಲೇ ಇಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದರು.

“ನಿಂಗೆ ಎಂತ ಅನ್ನಿಸ್ತದೆ?”

“ನೀವು ಹೇಳಿದ ಹಾಗೆ ಸರ್.”

“ಹಾಗೆ ಹೇಳ್ಬೇಡ!” ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಎಲ್ಲರೂ ಹಾಗೆ ಹೇಳಿ ಹೇಳಿಯೇ ಅವನಿಗೆ ಹೀಗಾದದ್ದು. ನಿಂಗೆ ಎಂತ ಬೇಕು, ಅದು ಹೇಳು. ಪ್ರಜ್ವಲ್‌ನದ್ದು ಬಿಡು, ನನ್ನದೂ ಬಿಡು.”

ನನಗೆ ಅವರ ಹತ್ತಿರವೇ ಇರಬೇಕೆಂದಿತ್ತು. ರಾಸ್ ಅಲ್ ಖೋರ್‌ನ ಆ ತಗಡಿನ ಸದ್ದು, ಅಲ್ಲಿಯ ಮೇಸ್ತ್ರಿಗಳು, ಲೀಗಿನ ಜಗಳ ಎಲ್ಲ ಬಿಟ್ಟು ಹೋಗುವುದು ಬೇಡವಾಗಿತ್ತು. ಅದನ್ನೇ ಹೇಳಿದೆ. ಹೇಳುವಾಗ ನಾಲಿಗೆ ತೊದಲಿತು. ಕಲಿತದ್ದಲ್ಲವಲ್ಲ. ಆಮೇಲೆ, “ಆದ್ರೆ ಪ್ರಜ್ವಲ್‌ನ ವೀಸಾ ಮೊದಲು ಆಗುವುದಾದ್ರೆ ನಾನು ಬರ್ತೇನೆ. ನನ್ನನ್ನು ತಕೊಂಡು ಅವನದ್ದು ಆಮೇಲೆ ನೋಡುವ ಅಂದ್ರೆ ಬೇಡ” ಎಂದೆ.

ಸಲೀಮಣ್ಣ ಜೋರಾಗಿ ನಕ್ಕರು. “ಇವನನ್ನು ಬೇಸ್‌ಬಾಲ್ ಹಾಳು ಮಾಡಿತು ಮಾರ್ರೆ! ಕೊಡುವವರು ಸುಮ್ಮನಿದ್ದಾರೆ, ಹೋಗುವವ ಚರ್ಚೆ ಮಾಡ್ತಾನೆ.”

ಸರ್ ನಗಲಿಲ್ಲ. “ಅವನು ಹೇಳಿದ್ದು ಕೇಳಿತಲ್ಲ? ಅದೇ ನನ್ನದು” ಎಂದರು.

ಕೊನೆಗೆ ಎರಡೂ ವೀಸಾ ಒಟ್ಟಿಗೆ ಹಾಕುವುದೆಂದು ಆಯಿತು. ಹಾಕಿದ್ದೂ ಒಟ್ಟಿಗೆಯೇ. ನನ್ನದು ಬೇಗ ಬಂತು. ಅವನದು ಎಲ್ಲೋ ಸಿಕ್ಕಿಹಾಕಿಕೊಂಡಿತು. ಇವತ್ತು ನಾಳೆ ಎಂದು ತಿಂಗಳುಗಳು ಹೋದವು. ನಾನು ಮುಸಫ್ಫಾದ ಹೊಸ ವರ್ಕ್‌ಶಾಪಿನಲ್ಲಿ ತಗಡು ಎಣಿಸುತ್ತಿದ್ದೆ. ಪ್ರಜ್ವಲ್ ಊರಿನಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತಿದ್ದ. ಕೆಲಸ ಬಿಟ್ಟು ಊರಿಗೆ ಬಾ ಎಂದು ಶ್ವೇತಾಳಿಗೆ ಮನೆಯಿಂದ ಫೋನಿನ ಮೇಲೆ ಫೋನ್. ಸರ್ ಪ್ರತಿ ಭಾನುವಾರ ಬೆಳಿಗ್ಗೆ, ಇಲ್ಲಿಯ ಸರ್ಕಾರಿ ಕಚೇರಿಗಳ ವಾರ ಆಗ ಶುರುವಾಗುತ್ತಿದ್ದ ದಿನ, ಮೊದಲ ಕೆಲಸವಾಗಿ ಸಲೀಮಣ್ಣನಿಗೆ ಫೋನ್ ಮಾಡುತ್ತಿದ್ದರು. ವಾರದ ಲೆಕ್ಕ ಕೊಡಲು ಸಲೀಮಣ್ಣನ ರೂಮಿಗೆ ಹೋದ ನನಗೂ ಅವರ ದನಿ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. “ಬಂತಾ?” ಅಷ್ಟೇ. “ಇಲ್ಲ ಪೊರ್ಬುಗಳೇ.” “ಸರಿ.” ತಮಾಷೆಯೆಲ್ಲ ಇಬ್ಬರ ನಡುವೆ ನಿಂತುಹೋಗಿತ್ತು. ಆ ಸೀಸನ್ನಿನಲ್ಲಿ ಅವರು ಲೀಗಿನಲ್ಲಿ ಒಬ್ಬ ಹುಡುಗನನ್ನು ಸಲೀಮಣ್ಣನಿಗೆ ಬಿಟ್ಟುಕೊಟ್ಟರು. ಬದಲಿಗೆ ಸಿಕ್ಕಿದ ಆಟಗಾರ ಯಾರು ಎಂದು ಕೂಡ ನೋಡಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಕೊನೆಗೂ ಪ್ರಜ್ವಲ್ ಬಂದ. ಜೂನಿಯರ್ ಆಗಿ, ಮೊದಲು ಸಿಗಬೇಕಾಗಿದ್ದ ಕುರ್ಚಿಗಿಂತ ಎರಡು ಮೆಟ್ಟಿಲು ಕೆಳಗೆ. ಅವನ ಟೇಕ್‌ಆಫನ್ನು ಈಗ ಸೀನಿಯರ್ ಒಬ್ಬ ತಿದ್ದುತ್ತಿದ್ದ, ತಿದ್ದಿ ತಪ್ಪು ಮಾಡುತ್ತಿದ್ದ. ಪ್ರಜ್ವಲ್ ಅದನ್ನು ಬಾಯಿ ಬಿಡದೆ ಸರಿ ಮಾಡಿ ಕೊಡುತ್ತಿದ್ದ. ಮುಸಫ್ಫಾದ ಒಂದು ವಿಲ್ಲಾದ ಹಿಂಭಾಗದಲ್ಲಿ ಒಂದು ರೂಮು, ಒಂದು ಅಡುಗೆಮನೆ ಬಾಡಿಗೆಗೆ ಸಿಕ್ಕಿತು. ಅಡುಗೆಮನೆಗೆ ಕಿಟಕಿ ಇರಲಿಲ್ಲ.

ರಿಟೈರ್ ಆಗಿ ಊರಿಗೆ ಹೊರಡುವ ಮೊದಲು ಸರ್ ಆ ಮನೆಗೆ ಊಟಕ್ಕೆ ಬಂದರು. ನಾನೇ ಬಸ್‌ಸ್ಟಾಂಡಿನಿಂದ ಕರೆದುಕೊಂಡು ಬಂದೆ. ಕೈಯಲ್ಲಿ ಬೇಕರಿಯ ಕೇಕಿನ ಪೆಟ್ಟಿಗೆ, ಇಸ್ತ್ರಿ ಮಾಡಿದ ಶರ್ಟು. ಶ್ವೇತಾ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು, ಕುಚ್ಚಲಕ್ಕಿ ಅನ್ನ. ಮೇಜಿರಲಿಲ್ಲ. ನೆಲದ ಮೇಲೆ ಪೇಪರ್ ಹಾಸಿ ಕೂತೆವು. ಅವರಿಗೆ ಮಾತ್ರ ಕುರ್ಚಿ ಕೊಟ್ಟರೆ ಬೇಡವೆಂದು ಅವರೂ ಕೆಳಗೆ ಕೂತರು, ಮೊಣಕಾಲು ಮಡಚಲು ಕಷ್ಟಪಟ್ಟು. ಆಫೀಸು, ಊರಿನ ಸೆಕೆ, ಅವರು ಕಟ್ಟಿಸುತ್ತಿರುವ ಬಾವಿಯ ದಂಡೆ, ಎಲ್ಲ ಮಾತಾಯಿತು. ಊಟ ಅರ್ಧವಾಗಿತ್ತು. ಅವರು ಕೈ ತಟ್ಟೆಯಲ್ಲಿಯೇ ಇಟ್ಟುಕೊಂಡು ಹೇಳಿದರು:

“ಪ್ರಜ್ವಲ್. ಆವತ್ತು ಸಲೀಂ ಕೇಳಿದಾಗ ನಾನು ನಿನ್ನ ಹತ್ರ ಕೇಳ್ಬೇಕಿತ್ತು.”

ಶ್ವೇತಾ ಅನ್ನದ ಪಾತ್ರೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ‘ಅಯ್ಯೋ ಬಿಡಿ ಸರ್, ಆದದ್ದಾಯ್ತು’ ಎಂದು ಯಾರಾದರೂ ಹೇಳಬೇಕಾದ ಜಾಗ ಅದು. ಹಿರಿಯರು ಅಷ್ಟು ಹೇಳಿದರೆ ಕಿರಿಯರು ಉಳಿದದ್ದನ್ನು ಮುಚ್ಚಿಬಿಡುವುದು ನಮ್ಮ ಕ್ರಮ. ನನ್ನ ನಾಲಿಗೆಯ ತುದಿಗೇ ಬಂದಿತ್ತು. ಪ್ರಜ್ವಲ್ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟ. ತಲೆ ಎತ್ತಿ ಅವರನ್ನು ನೇರವಾಗಿ ನೋಡಿದ.

“ಹೌದು ಸರ್” ಎಂದ. “ಕೇಳ್ಬೇಕಿತ್ತು.”

ಹೊರಗೆ ಯಾರದೋ ಎ.ಸಿ.ಯ ನೀರು ಬಕೆಟ್ಟಿಗೆ ಬೀಳುತ್ತಿತ್ತು. ಸರ್ ತಲೆಯಾಡಿಸಿದರು. ಇನ್ನೊಂದು ಮಾತು ಬರಬಹುದೆಂದು ಅವರು ಕಾಯಲಿಲ್ಲ, ಅವನೂ ಸೇರಿಸಲಿಲ್ಲ. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಶ್ವೇತಾಳ ಕಡೆ ನೋಡಿ, “ಇನ್ನು ಸ್ವಲ್ಪ ಅನ್ನ ಹಾಕು ಮಗಳೇ” ಎಂದರು.